ಗುರುವಿನ ಸುತ್ತ ಇರೋದು ಕಾಂತಗೋಳವೋ ಕಾಂತಾವರಣವೋ? ಜೊತೆಗೆ 'ಹಂತಿ' ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ನಮ್ಮ ಸೊಸೈಟಿಯ ಮಕ್ಕಳಿಗೆ ಭಾನುವಾರ ಒಂದು ತಾಸು ಕನ್ನಡ ಹೇಳಿಕೊಡ್ತೀನಿ. ಫೆಬ್ರವರಿಯಲ್ಲಿ ಖೋಡದ್‌ಗೆ ಹೋಗಿ ಜಿಎಂಆರ್‌ಟಿ ಅನ್ನೋ ರೇಡಿಯೊ ದೂರದರ್ಶಕದ ಆ 45 ಮೀಟರ್ ಅಗಲದ ತಟ್ಟೆಗಳನ್ನ ನೋಡ್ಕೊಂಡು ಬಂದಾಗಿಂದ ಅವಕ್ಕೆ ಆಕಾಶದ ಹುಚ್ಚು ಹಿಡಿದಿದೆ, ಗುರುಗ್ರಹದಿಂದ ರೇಡಿಯೊ ಅಲೆ ಬರುತ್ತೆ ಅಂತ 1955ರಲ್ಲೇ ಪತ್ತೆಯಾಗಿತ್ತು ಅಂದ್ರೆ ಯಾಕೆ ಬರುತ್ತೆ ಅಂತ ಕೇಳ್ತಾರೆ, ಹೇಳೋಕೆ ಹೋದ್ರೆ ಮೊದಲನೇ ವಾಕ್ಯದಲ್ಲೇ ಪದ ಕೈಕೊಡುತ್ತೆ.

ಗುರುವಿನ ಸುತ್ತ ಅದರ ಕಾಂತಕ್ಷೇತ್ರದ ಹಿಡಿತ ನಡೆಯೋ ಜಾಗಕ್ಕೆ, ಇಂಗ್ಲಿಷಲ್ಲಿ ಮ್ಯಾಗ್ನೆಟೋಸ್ಫಿಯರ್ ಅಂತಾರಲ್ಲ, ಅದಕ್ಕೆ ಬೋರ್ಡ್ ಮೇಲೆ 'ಕಾಂತಗೋಳ' ಅಂತ ಬರೆದೆ. ನಾಲ್ಕನೇ ಕ್ಲಾಸಿನ ಹುಡುಗಿ "ಕಾಂತಿ ಇರೋ ಗೋಳಾನಾ, ಹೊಳೀತದಾ?" ಅಂದ್ಳು. ಅವಳದ್ದೇನೂ ತಪ್ಪಿಲ್ಲ. ಅಯಸ್ಕಾಂತ ಅಂದ್ರೆ ಕಬ್ಬಿಣಕ್ಕೆ ಪ್ರಿಯವಾದದ್ದು, ಅದರಿಂದ ಅಯಸ್ ಕಿತ್ತುಬಿಟ್ರೆ ಕಬ್ಬಿಣವೇ ಹೋಯ್ತು, ಬರೀ ಪ್ರಿಯ ಉಳೀತು. ಆದ್ರೂ ಕಾಂತಕ್ಷೇತ್ರ ಅನ್ನೋದು ಪಠ್ಯದಲ್ಲಿ ಬೇರೂರಿದೆ, ಅದನ್ನ ಅಲುಗಾಡಿಸೋದು ಬೇಡ. ನನ್ನ ತಕರಾರು 'ಗೋಳ'ದ ಮೇಲೆ. ಅದು ಗೋಳವೇ ಅಲ್ಲ! ಸೂರ್ಯನ ಕಡೆ ಸೌರಮಾರುತ (ಸೂರ್ಯನಿಂದ ಹರಿದು ಬರೋ ಕಣಗಳ ಗಾಳಿ) ಒತ್ತಿ ಒತ್ತಿ ಗುರುವಿಂದ ಸುಮಾರು 30ರಿಂದ 70 ಲಕ್ಷ ಕಿ.ಮೀ.ಗೇ ನಿಂತುಬಿಡುತ್ತೆ, ಹಿಂದೆ ನೋಡಿದ್ರೆ ಬಾಲ ಶನಿಯ ಕಕ್ಷೆ ತನಕ, ಅಂದ್ರೆ 65 ಕೋಟಿ ಕಿ.ಮೀ. ಅಷ್ಟುದ್ದ ಹೋಗಿರುತ್ತೆ. ಇಲ್ಲಿ ಮರಾಠಿ ಪಾಠದಲ್ಲಿ ವಾತಾವರಣದ ಪದರಗಳಾದ ಟ್ರೋಪೋಸ್ಫಿಯರ್, ಸ್ಟ್ರಾಟೋಸ್ಫಿಯರ್‌ಗೆ ತಪಾಂಬರ, ಸ್ಥಿತಾಂಬರ ಅಂತ ಇದೆ, ಗೋಳದ ಗೊಡವೆಗೇ ಹೋಗಿಲ್ಲ. ನನಗೆ 'ಕಾಂತಾವರಣ' ಸರಿ ಅನ್ನಿಸುತ್ತೆ. ವಾತಾವರಣ ಕೇಳಿದ ಕಿವಿಗೆ ತಕ್ಷಣ ಸಿಗುತ್ತೆ, ಆವರಣ ಅಂದ್ರೆ ಇಷ್ಟರೊಳಗೆ ಈ ಮನೆಯವರದ್ದೇ ನಡೆಯುತ್ತೆ ಅನ್ನೋ ಅರ್ಥಾನೂ ಬರುತ್ತೆ, ಅದರ ಆಕಾರ ಹೇಗಿದ್ರೂ ನಡೀತದೆ.

ಈ ಆವರಣದಲ್ಲಿರೋ ಪ್ಲಾಸ್ಮಾಗೆ, ಅಂದ್ರೆ ವಿದ್ಯುದಾವೇಶ ಇರೋ ಕಣಗಳ ಅನಿಲಕ್ಕೆ, ಹೊಸ ಪದ ಬೇಡ, ಪ್ಲಾಸ್ಮಾ ಹಾಗೇ ಇರಲಿ. ಮರಾಠಿಯವರು ದ್ರವ, ವಾಯು ಸೇರಿಸಿ 'ದ್ರಾಯು' ಮಾಡಿ ಪ್ಲಾಸ್ಮಾಗೆ 'ಆಯನದ್ರಾಯು' ಅಂದಿದಾರೆ, ಚೆನ್ನಾಗಿದೆ, ಆದ್ರೆ ನಮ್ಮಲ್ಲಿ ಪ್ಲಾಸ್ಮಾ ಬಾಯಿಗೆ ಬಂದಾಗಿದೆ.

ನಿಜಕ್ಕೂ ಕಷ್ಟ ಆಗಿರೋದು ಇನ್ನೊಂದು ಪದ. ಗುರುವಿನ ಉಪಗ್ರಹ ಐಯೊ ಇದೆಯಲ್ಲ, ಅದರ ಜ್ವಾಲಾಮುಖಿಗಳನ್ನ 1979ರಲ್ಲಿ ವಾಯೇಜರ್ 1 ಕಂಡಿದ್ದು, ಅದರಿಂದ ಸೆಕೆಂಡಿಗೆ ಸುಮಾರು ಒಂದು ಟನ್ ಗಂಧಕ, ಆಮ್ಲಜನಕ ಈ ಆವರಣಕ್ಕೆ ಬಂದು ಬೀಳುತ್ತೆ, ಅಯಾನು (ವಿದ್ಯುದಾವೇಶ ಇರೋ ಕಣ) ಆಗಿ ಪ್ಲಾಸ್ಮಾ ಆಗುತ್ತೆ, ಆದ ಕೂಡಲೇ ಕಾಂತಕ್ಷೇತ್ರ ಅದನ್ನ ಹಿಡಿದು ಗುರುವಿನ ಜೊತೆಗೇ ಹತ್ತು ತಾಸಿನೊಳಗೆ ಒಂದು ಸುತ್ತು ಹೊಡೆಸುತ್ತೆ. ಐಯೊ ಒಂದು ಸುತ್ತಿಗೆ 42 ತಾಸು ತಗೊಳ್ಳೋದ್ರಿಂದ ಪ್ಲಾಸ್ಮಾ ಹಿಂದಿನಿಂದ ಬಂದು ಅದನ್ನ ಸೆಕೆಂಡಿಗೆ ಸುಮಾರು 57 ಕಿ.ಮೀ. ವೇಗದಲ್ಲಿ ದಾಟಿ ಹೋಗುತ್ತೆ. ಹೀಗೆ ಜೊತೆಗೆ ತಿರುಗೋದಕ್ಕೆ 'ಸಹಪರಿಭ್ರಮಣ' ಅಂತ ಬರೆದೆ, ಮಕ್ಕಳ ಮುಖ ನೋಡಿ ಅಳಿಸಿದೆ.

ಆಗ ನೆನಪಾಗಿದ್ದು ವಿಜಯಪುರದ ಕಡೆ ನಮ್ಮಜ್ಜನ ಕಣ. ನಡುವೆ ಮೇಟಿ ಅನ್ನೋ ಕಂಬ, ಅದಕ್ಕೆ ಸಾಲಾಗಿ ಕಟ್ಟಿ ತೆನೆ ತುಳಿಸೋ ಎತ್ತುಗಳು, ಇದಕ್ಕೆ ಹಂತಿ ಹೂಡೋದು ಅಂತಿದ್ರು. ಮೇಟಿ ಹತ್ತಿರದ ಎತ್ತು ನಿಂತಲ್ಲೇ ತಿರುಗಿದಂಗೆ ತಿರುಗ್ತಿತ್ತು, ಹೊರಗಿನದು ಅದೇ ಒಂದು ಸುತ್ತಿಗೆ ಓಡ್ಬೇಕಿತ್ತು, ಬಾಯಲ್ಲಿ ನೊರೆ ಬಂದು ಕೊನೆಗೆ ಹಿಂದೆ ಬೀಳ್ತಿತ್ತು. ಗುರುವಲ್ಲೂ ಹಾಗೇನೇ, ದೂರ ಹೋದ ಹಾಗೆ ಪ್ಲಾಸ್ಮಾ ಗುರುವಿನ ಗತಿಗೆ ಸರಿಗಟ್ಟಲಾರದೆ ಹಿಂದುಳಿಯುತ್ತೆ. ಇದನ್ನ ಹೇಳಿದ ಮೇಲೆ ಮಕ್ಕಳು ತಾವೇ ಕೈ ಕೈ ಹಿಡ್ಕೊಂಡು ಪಾರ್ಕಿಂಗಲ್ಲಿ ಕಂಬದ ಸುತ್ತ ಓಡಿ ನೋಡಿದ್ರು.

ಹಾಗಾಗಿ 'ಹಂತಿಸುತ್ತು' ಅನ್ನಬಹುದಾ? ಹಂತಿ ಅಂದ್ರೆ ಎತ್ತುಗಳ ಸಾಲು ಮಾತ್ರವೋ, ಆ ತಿರುಗೋ ಕೆಲಸಕ್ಕೂ ಅದೇ ಹೆಸರೋ? ನಮ್ಮಮ್ಮ ಎರಡೂ ಅಂತಾರೆ. ಹಳೇ ಮೈಸೂರು, ಕರಾವಳಿ ಕಡೆಯವರಿಗೆ ಈ ಪದ ಗೊತ್ತಾ, ನಿಮ್ಮಲ್ಲಿ ಹೊರಗಡೆ ಕಟ್ಟೋ ಎತ್ತಿಗೆ ಬೇರೆ ಹೆಸರಿದ್ರೆ ಅದನ್ನೂ ದಯವಿಟ್ಟು ಬರೀರಿ.