ನಾಲ್ಕು ಕೀ ರಿದಮ್ ಗೇಮ್: ಎಡಗೈ ನಡುಬೆರಳು ಮಾತ್ರ ಯಾಕೆ ಹೀಗೆ ಸತಾಯಿಸುತ್ತೆ?

ತಾಳತಪ್ಪಿದವ:

ಓಸು ಮೇನಿಯಾ (ಹಾಡಿನ ತಾಳಕ್ಕೆ ಸರಿಯಾಗಿ ಕೀ ಒತ್ತೋ ಗೇಮ್) ಶುರು ಮಾಡಿ ಮೂರು ತಿಂಗಳಾಯ್ತು, ನಾಲ್ಕು ಕೀ ಮಾತ್ರ. ಅದಕ್ಕೂ ಮುಂಚೆ ಅಂಥದ್ದೇ ಇನ್ನೊಂದು ಗೇಮ್, ಫ್ರೈಡೇ ನೈಟ್ ಫಂಕಿನ್ ಆಡ್ತಿದ್ದೆ, ಬಾಣದ ಕೀಗಳ ಮೇಲೆ, ಬಲಗೈ ಒಂದರಲ್ಲೇ. ಮೇಲಿನ ಬಾಣಕ್ಕೂ ಕೆಳಗಿನ ಬಾಣಕ್ಕೂ ಒಂದೇ ನಡುಬೆರಳು ಓಡಾಡ್ತಿತ್ತು. ಹಾಡು ಸ್ವಲ್ಪ ಜೋರಾದ್ರೆ ಆ ಆಟ ನಡೆಯಲ್ಲ ಅಂತ ಗೊತ್ತಾಗಿ ಎಲ್ಲರ ಹಾಗೆ ಡಿ-ಎಫ್-ಜೆ-ಕೆಗೆ ಬಂದೆ.

ಬಲಗೈದು ತಕರಾರಿಲ್ಲ. ಎಡಗೈದೇ ಕಥೆ. 150 ಬಿಪಿಎಂ (ನಿಮಿಷಕ್ಕೆ 150 ಬೀಟು) ಸ್ಟ್ರೀಮ್ ತನಕ, ಅಂದ್ರೆ ಬೀಟಿಗೆ ನಾಲ್ಕರಂತೆ ಬಿಡುವಿಲ್ಲದೆ ಬರೋ ನೋಟುಗಳ ಸಾಲಿನ ತನಕ, ಹೇಗೋ ಸಾಗುತ್ತೆ. 170 ದಾಟಿದ್ರೆ ಡಿ ಮೇಲಿರೋ ನಡುಬೆರಳು ಸೆಟೆದು ನಿಲ್ಲುತ್ತೆ, ಪಕ್ಕದ ಉಂಗುರದ ಬೆರಳೂ ಜೊತೆಗೆ ಮೇಲೇಳುತ್ತೆ. ಇಳಿಯೋವಾಗ ಎಸ್ ಮೇಲೆ ಇಳಿಯುತ್ತೆ.

ಏನಾಗ್ತಿದೆ ನೋಡೋಣ ಅಂತ ಫೋನ್ ಮೇಲಿಟ್ಟು ನನ್ನ ಕೈಯನ್ನೇ ವಿಡಿಯೋ ಮಾಡಿದೆ. ಎಡ ಮಣಿಕಟ್ಟು ಹೊರಗಡೆಗೆ, ಕಿರುಬೆರಳಿನ ಕಡೆಗೆ, ಚೆನ್ನಾಗಿ ಬಾಗಿದೆ. ಕಿರುಬೆರಳು ಹೋಗಿ ಕ್ಯಾಪ್ಸ್ ಲಾಕ್ ಮೇಲೆ ಆರಾಮಾಗಿ ಕೂತಿದೆ! ಪ್ರತಿ ಹಾಡು ಮುಗಿದ ಮೇಲೆ ಚಾಟಲ್ಲಿ ನಾನು ಕಿರುಚಿದ ಹಾಗೆ ದೊಡ್ಡ ಅಕ್ಷರಗಳೇ ಯಾಕೆ ಬರ್ತಿದ್ವು ಅಂತ ಆಗ ಅರ್ಥ ಆಯ್ತು.

ಎರಡು ದಿನ ಎಸ್-ಡಿ-ಕೆ-ಎಲ್ ಇಟ್ಟು ನೋಡಿದೆ, ಉಂಗುರದ ಬೆರಳು ಮತ್ತೆ ನಡುಬೆರಳಲ್ಲಿ. ಇನ್ನೂ ಕೆಟ್ಟದಾಯ್ತು. ಕೀ ಬದಲಾಯಿಸಲಾ, ಇಲ್ಲ ಇದರಲ್ಲೇ ಕೈ ಪಳಗೋ ತನಕ ಒದ್ದಾಡಲಾ?

ಹಳೇ ಕೀಬೋರ್ಡ್:

ಬದಲಾಯಿಸಬೇಡ ಗುರು. ಡಿ-ಎಫ್-ಜೆ-ಕೆ ಡಿಫಾಲ್ಟ್ ಆಗಿರೋದು ಸುಮ್ನೆ ಅಲ್ಲ. ಎಫ್ ಮತ್ತೆ ಜೆ ಮೇಲೆ ಉಬ್ಬುಗೆರೆ ಇದೆ, ಕಣ್ಣು ಮುಚ್ಚಿದ್ರೂ ಕೈ ಜಾಗಕ್ಕೆ ಬರುತ್ತೆ. ಮೂರು ತಿಂಗಳು ಏನೂ ಅಲ್ಲ. ಪದೇ ಪದೇ ಕೀ ಬದಲಾಯಿಸಿದ್ರೆ ಯಾವುದೂ ಕೈಗೆ ಹತ್ತಲ್ಲ.

ಸಾಲುತಪ್ಪಿ:

ಮೇಲಿನವರು ಹೇಳಿದ ಉಬ್ಬುಗೆರೆ ವಿಷಯ ಒಪ್ಪಿದೆ, ಉಳಿದದ್ದು ಒಪ್ಪಲ್ಲ. ಮಣಿಕಟ್ಟು ಬಾಗಿಸಿಕೊಂಡು ಅಭ್ಯಾಸ ಮಾಡಿದ್ರೆ ಬಾಗಿದ ಮಣಿಕಟ್ಟೇ ಅಭ್ಯಾಸ ಆಗುತ್ತೆ.

ಮೊದಲು ಎಸ್-ಡಿ-ಕೆ-ಎಲ್ ಯಾಕೆ ಕೆಟ್ಟಿತು ಅಂತ ನೋಡು. ಅಂಗೈ ಕೆಳಗೆ ಮಾಡಿ ಕೈನ ಮೇಜಿನ ಮೇಲಿಡು. ನಡುಬೆರಳನ್ನ ಮಾತ್ರ ಅಂಗೈಯೊಳಕ್ಕೆ ಮಡಚು. ಈಗ ತೋರುಬೆರಳು ಎತ್ತು, ಎದ್ದೇಳುತ್ತೆ. ಕಿರುಬೆರಳು, ಅದೂ ಏಳುತ್ತೆ. ಉಂಗುರದ ಬೆರಳು ಎತ್ತು ನೋಡೋಣ. ಅಂಟು ಹಾಕಿದ ಹಾಗೆ ಕೂತಿರುತ್ತೆ. ಮೇಲೆತ್ತೋಕೆ ತೋರುಬೆರಳಿಗೂ ಕಿರುಬೆರಳಿಗೂ ತಮ್ಮದೇ ಅಂತ ಒಂದೊಂದು ಸ್ನಾಯು ಹೆಚ್ಚಿಗೆ ಇದೆ. ನಡುಬೆರಳಿಗೂ ಉಂಗುರದ ಬೆರಳಿಗೂ ಅದಿಲ್ಲ, ಎಲ್ಲರಿಗೂ ಸೇರಿದ ಸ್ನಾಯುವಿನ ಕವಲುಗಳನ್ನೇ ನಂಬಿಕೊಂಡಿವೆ. ಸಾಲದ್ದಕ್ಕೆ ಕೈ ಹಿಂಬದಿಯಲ್ಲಿ ಆ ಕವಲುಗಳನ್ನ ಒಂದಕ್ಕೊಂದು ಕಟ್ಟಿರೋ ಅಡ್ಡಪಟ್ಟಿಗಳು ಬೇರೆ. ನೀನು ಆ ಇಬ್ಬರನ್ನೇ ಒಟ್ಟಿಗೆ ಕೆಲಸಕ್ಕೆ ಹಚ್ಚಿದ್ದೆ.

ಇನ್ನು ಎಡಗೈ ಮಾತ್ರ ಯಾಕೆ ಅನ್ನೋದು. ಕೀಬೋರ್ಡನ್ನ ಸುಮ್ನೆ ಮೇಲಿಂದ ದಿಟ್ಟಿಸಿ ನೋಡು. ಕೀಗಳು ಒಂದರ ಕೆಳಗೊಂದು ನೆಟ್ಟಗಿಲ್ಲ. ಕೆಳಸಾಲಿಂದ ಮೇಲಕ್ಕೆ ಹೋದ ಹಾಗೆ ಎಡಕ್ಕೆ ವಾಲುತ್ತವೆ. ಇದು ಟೈಪ್‌ರೈಟರ್ ಕಾಲದ ಬಳುವಳಿ: ಒಂದೊಂದು ಕೀಗೂ ಒಂದೊಂದು ಸನ್ನೆಕೋಲು ಇತ್ತು, ಅವು ಒಂದಕ್ಕೊಂದು ತಾಗದ ಹಾಗೆ ಸಾಲುಗಳನ್ನ ಸರಿಸಿದ್ರು. ಸನ್ನೆಕೋಲು ಹೋಯ್ತು, ವಾಲಿದ್ದು ಉಳೀತು. ಬಲಗೈ ಬಲಗಡೆಯಿಂದ ಓರೆಯಾಗಿ ಎಡಕ್ಕೆ ಬರುತ್ತಲ್ಲ, ಅದಕ್ಕೆ ಈ ವಾಲು ಹೊಂದುತ್ತೆ. ಎಡಗೈ ಓರೆಯಾಗಿ ಬಲಕ್ಕೆ ಬರುತ್ತೆ, ಕೀಗಳು ಎಡಕ್ಕೆ ವಾಲಿವೆ. ಹೊಂದಿಸಿಕೊಳ್ಳೋಕೆ ಅದು ಮಣಿಕಟ್ಟನ್ನ ಬಗ್ಗಿಸುತ್ತೆ. ನಿನ್ನ ವಿಡಿಯೋದಲ್ಲಿ ಕಂಡಿದ್ದು ಅದೇ.

ಇದರ ಮೇಲೆ, ನಡುಬೆರಳು ತೋರುಬೆರಳಿಗಿಂತ ಉದ್ದ. ಎರಡನ್ನೂ ಒಂದೇ ಸಾಲಲ್ಲಿ ಇಟ್ಟರೆ ಉದ್ದದ್ದು ಹೆಚ್ಚು ಮಡಚಿಕೊಳ್ಳಲೇಬೇಕು.

ಹಾಗಾಗಿ ನಾನು ತೋರುಬೆರಳುಗಳನ್ನ ಕೆಳಸಾಲಿಗೆ ಇಳಿಸಿಬಿಟ್ಟೆ. ನನ್ನದು ಎಸ್-ಸಿ-ಎಂ-ಎಲ್. ಎಡ ನಡುಬೆರಳು ಎಸ್, ಎಡ ತೋರುಬೆರಳು ಸಿ, ಬಲ ತೋರುಬೆರಳು ಎಂ, ಬಲ ನಡುಬೆರಳು ಎಲ್. ನೋಡೋಕೆ ವಿಚಿತ್ರ. ಆದ್ರೆ ಲೆಕ್ಕ ಹಾಕು: ಮಧ್ಯದ ಸಾಲಿಗಿಂತ ಕೆಳಸಾಲು ಅರ್ಧ ಕೀ ಬಲಕ್ಕಿದೆ. ಎಸ್‌ನಿಂದ ಸಿ ಒಂದೂವರೆ ಕೀ ದೂರ, ಎಲ್‌ನಿಂದ ಎಂ ಕೂಡ ಒಂದೂವರೆ. ಎರಡೂ ಕೈ ಕನ್ನಡಿಯಲ್ಲಿ ನೋಡಿದ ಹಾಗೆ ಕೂರುತ್ತವೆ, ವಾಲಿದ ಕೀಬೋರ್ಡ್ ಮೇಲೂ! ಸಿಯಿಂದ ಎಂ ನಾಲ್ಕು ಕೀ ಅಂತರ, ಎಫ್‌ನಿಂದ ಜೆ ಮೂರೇ. ಆ ಒಂದು ಕೀ, ಅಂದ್ರೆ ಸುಮಾರು 19 ಮಿಲಿಮೀಟರ್, ಮಣಿಕಟ್ಟಿಗೆ ಉಸಿರಾಡೋಕೆ ಸಾಕು.

ನನ್ನದನ್ನೇ ಇಡು ಅಂತಲ್ಲ. ಕಣ್ಣು ಮುಚ್ಚಿ ಎರಡೂ ಕೈ ತೊಡೆ ಮೇಲೆ ಬಿಡು, ಹಾಗೇ ಎತ್ತಿ ಕೀಬೋರ್ಡ್ ಮೇಲಿಡು, ಆಮೇಲೆ ಕಣ್ಣು ತೆಗಿ. ಬೆರಳು ಎಲ್ಲಿ ಬಿದ್ದಿದೆಯೋ ಆ ಕೀಗಳನ್ನ ಸೆಟ್ಟಿಂಗ್ಸಲ್ಲಿ ಹಾಕು. ನಾನು ಐದಾರು ಸಲ ಹಾಗೆ ಇಟ್ಟಾಗ ಹೆಚ್ಚಾಗಿ ಬಿದ್ದಿದ್ದು ಇವೇ ನಾಲ್ಕು. ಹಾಂ, ಕೀಬೋರ್ಡ್ ಹಿಂದೆ ಮಡಚೋ ಕಾಲು ಇರುತ್ತಲ್ಲ, ಅದನ್ನ ಮಡಚಿಬಿಡು. ಅದು ಮಣಿಕಟ್ಟನ್ನ ಹಿಂದಕ್ಕೆ ಬಗ್ಗಿಸೋಕೆ ಬಿಟ್ಟರೆ ಬೇರೆ ಯಾವ ಉಪಕಾರಕ್ಕೂ ಇಲ್ಲ.

ಏಳುಕೀ:

ಒಂದು ಎಚ್ಚರಿಕೆ. ಮನಸ್ಸಿಗೆ ಬಂದ ಕೀ ಆರಿಸೋ ಮುಂಚೆ ನಿನ್ನ ಕೀಬೋರ್ಡ್ ಅದನ್ನ ಒಪ್ಪುತ್ತಾ ನೋಡ್ಕೋ. ಕಡಿಮೆ ಬೆಲೆಯ ಮೆಂಬ್ರೇನ್ (ಕೀಗಳ ಕೆಳಗೆ ತೆಳು ಪೊರೆ ಇರೋ) ಕೀಬೋರ್ಡ್‌ಗಳಲ್ಲಿ ಒಳಗಡೆ ಕೀಗಳನ್ನೆಲ್ಲ ಅಡ್ಡ-ಉದ್ದ ತಂತಿಗಳ ಜಾಲದಲ್ಲಿ ಸೇರಿಸಿರ್ತಾರೆ. ಆ ಜಾಲದ ಒಂದು ಆಯತದ ಮೂರು ಮೂಲೆ ಒಟ್ಟಿಗೆ ಒತ್ತಿದ್ರೆ ನಾಲ್ಕನೇ ಮೂಲೆಯೂ ಒತ್ತಿದ ಹಾಗೆ ಕಾಣುತ್ತೆ. ಆ ಗೊಂದಲ ಬೇಡ ಅಂತ ಕೀಬೋರ್ಡೇ ಮೂರನೇ ಕೀಯನ್ನ ನುಂಗಿಬಿಡುತ್ತೆ. ನೀನು ಒತ್ತಿರ್ತೀಯ, ಗೇಮ್ ಮಿಸ್ ಅನ್ನುತ್ತೆ, ನೀನು ನಿನ್ನ ಬೆರಳಿಗೆ ಬೈಯ್ತೀಯ.

ಪರೀಕ್ಷೆ ಸುಲಭ. ನೋಟ್‌ಪ್ಯಾಡ್ ತೆಗೆದು ಮೂರು ಕೀ ಒತ್ತಿ ಹಿಡ್ಕೊಂಡು ನಾಲ್ಕನೇದು ಒತ್ತು, ಅಕ್ಷರ ಬಂತಾ ನೋಡು. ನಾಲ್ಕನ್ನೂ ಸರದಿಯಲ್ಲಿ ಕೊನೇದಾಗಿ ಒತ್ತಿ ನೋಡ್ಬೇಕು. ನಾನು ಏಳು ಕೀ ಆಡೋದು, ಎಸ್-ಡಿ-ಎಫ್-ಸ್ಪೇಸ್-ಜೆ-ಕೆ-ಎಲ್. ಎಫ್, ಸ್ಪೇಸ್, ಜೆ ಒಟ್ಟಿಗೆ ಬಂದಾಗೆಲ್ಲ ಸ್ಪೇಸ್ ಮಿಸ್. ಒಂದು ವರ್ಷ ಹೆಬ್ಬೆರಳೇ ಮಂದ ಅಂದ್ಕೊಂಡಿದ್ದೆ.

ಮೆಲ್ಲಗೆ:

ತಾಳತಪ್ಪಿದವ, ನೋವಿದೆಯಾ ಅಂತ ನೀನು ಹೇಳಲೇ ಇಲ್ಲ. ದಣಿವು ಬೇರೆ, ನೋವು ಬೇರೆ. ಹೆಬ್ಬೆರಳಿನ ಬುಡದಲ್ಲೋ ಮಣಿಕಟ್ಟಿನಲ್ಲೋ ಚುಚ್ಚಿದ ಹಾಗಾದ್ರೆ, ಬೆರಳ ತುದಿ ಜೋಮು ಹಿಡಿದ್ರೆ, ಆವತ್ತಿಗೆ ಆಟ ಮುಗೀತು. ಮರುದಿನವೂ ಹಾಗೇ ಇದ್ರೆ ಡಾಕ್ಟರ್ ಹತ್ರ ಹೋಗು, ಇಲ್ಲಿ ಕೇಳ್ತಾ ಕೂರಬೇಡ. ಕೈ ಅಲುಗಾಡ್ದಂತೆ ಬಿಗಿ ಹಿಡಿದು ಹೊಸ ಸ್ಕೋರ್ ಮಾಡೋಕೆ ಹೋಗಿ ನಾನು ಎರಡು ತಿಂಗಳು ಚಮಚ ಹಿಡಿಯೋದೇ ಕಷ್ಟ ಮಾಡ್ಕೊಂಡಿದ್ದೆ.

ಇನ್ನೊಂದು, 170 ಬಿಪಿಎಂ ಸ್ಟ್ರೀಮ್ ಅಂದ್ರೆ ಸೆಕೆಂಡಿಗೆ ಹನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ನೋಟು. ನಾಲ್ಕು ಬೆರಳಿಗೆ ಹಂಚಿದ್ರೆ ಒಂದಕ್ಕೆ ಮೂರೂ ಬರಲ್ಲ. ಯಾವ ಬೆರಳಿಗೂ ಅದು ದೊಡ್ಡ ವೇಗ ಅಲ್ಲ. ಸೆಟೆಯೋದು ವೇಗಕ್ಕಲ್ಲ, ಒತ್ತಿದ ಮೇಲೂ ಒತ್ತುತ್ತಾ ಇರೋದಕ್ಕೆ.

ತಾಳತಪ್ಪಿದವ:

ಎಲ್ಲರಿಗೂ ಥ್ಯಾಂಕ್ಸ್. ನೋವಿಲ್ಲ, ಬರೀ ಬಿಗಿತ.

ಕಣ್ಣು ಮುಚ್ಚಿ ಕೈ ಇಟ್ಟೆ. ಬಲಗೈ ಎಂ-ಎಲ್ ಮೇಲೆ ಬಿತ್ತು, ಎಡ ತೋರುಬೆರಳು ಎಕ್ಸ್ ಮತ್ತೆ ಸಿ ಮಧ್ಯದ ಸಂದಿಯಲ್ಲಿ! ಸಿ ಅಂತಲೇ ಇಟ್ಕೊಂಡೆ. ನೋಟ್‌ಪ್ಯಾಡ್ ಪರೀಕ್ಷೆಯೂ ಪಾಸು.

ಮೊದಲ ವಾರ ಹಳೇ ಕೀಬೋರ್ಡ್ ಅವರು ಹೇಳಿದ್ದೇ ನಿಜ ಅನ್ನಿಸ್ತು. ನನಗೆ ಬಾಯಿಪಾಠ ಆಗಿರೋ ಹಾಡಲ್ಲೇ ಅನ್‌ಸ್ಟೇಬಲ್ ರೇಟ್ (ಒತ್ತೋ ಸಮಯ ಎಷ್ಟು ಏರುಪೇರಾಗುತ್ತೆ ಅನ್ನೋ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೇದು) 180 ಇದ್ದಿದ್ದು 240ಕ್ಕೆ ಹೋಯ್ತು. ಎಫ್ ಮೇಲಿನ ಗೆರೆ ಹುಡುಕ್ತಾ ತೋರುಬೆರಳು ಅಲೀತಿತ್ತು. ಸಿ ಮತ್ತೆ ಎಂ ಮೇಲೆ ಸೆಲ್ಲೋಟೇಪಿನ ಚಿಕ್ಕ ಚೂರು ಅಂಟಿಸಿದ ಮೇಲೆ ಅದು ನಿಂತಿತು. ಮೂರನೇ ವಾರ 160. ಅದಕ್ಕಿಂತ ಖುಷಿ ಅಂದ್ರೆ ಮತ್ತೆ ವಿಡಿಯೋ ಮಾಡಿದೆ, ಉಂಗುರದ ಬೆರಳು ಸುಮ್ನೆ ಮಲಗಿದೆ, ಕ್ಯಾಪ್ಸ್ ಲಾಕ್ ದೀಪ ಆಫ್.

ಈಗ ಹೊಸದೊಂದು. ಕೈ ಕೆಳಗಿಳಿದಿದ್ದಕ್ಕೆ ಎಡ ಹೆಬ್ಬೆರಳು ಸ್ಪೇಸ್ ಮೇಲೆ ತಾನೇ ತಾಳ ಹಾಕ್ತಿದೆ. ಆಟಕ್ಕೇನೂ ತೊಂದರೆ ಇಲ್ಲ, ಸದ್ದು ಮಾತ್ರ ವಿಪರೀತ, ಅದೂ ತಾಳಕ್ಕೆ ಸರಿಯಾಗಿಲ್ಲ. ಏಳುಕೀ, ನಿಮ್ಮ ಹೆಬ್ಬೆರಳನ್ನ ಎಲ್ಲಿ ಇಡ್ತೀರಾ?

ಏಳುಕೀ:

ಬಲದ್ದು ಸ್ಪೇಸ್ ಮೇಲೆ. ಎಡದ್ದು ತೋರುಬೆರಳಿನ ಬುಡಕ್ಕೆ ಒರಗಿಸಿ ಇಡ್ತೀನಿ, ಪೆನ್ ಹಿಡಿದ ಹಾಗೆ. ಒತ್ತಬೇಡ, ಬರೀ ಒರಗಿಸು.