ಪದ್ಮಿನಿಗೆ ಬೇರೆ ಕಂಪನಿ ಎಂಜಿನ್: ಎಸ್ಟೀಮಾ, 118ಎನ್‌ಇ ನಿಸ್ಸಾನಾ, ಈಕೋನಾ?

ಫಿಯಟ್_ಹಾಸನ

ಎಲ್ರಿಗೂ ನಮಸ್ಕಾರ. ನಮ್ಮನೇಲಿ 1987ರ ಪ್ರೀಮಿಯರ್ ಪದ್ಮಿನಿ ಇದೆ, ಅಪ್ಪ ಬೆಂಗಳೂರಲ್ಲಿದ್ದಾಗ ತಗೊಂಡಿದ್ದು, ಇನ್ನೂ ಹಳೇ ಸಿಎ ಸೀರೀಸ್ ನಂಬರ್ರೇ, ಆರ್‌ಸಿ ರಿನ್ಯೂವಲ್ ಎಲ್ಲ ಸರಿಯಾಗಿದೆ. ಬಾಡಿ ಗಟ್ಟಿ ಇದೆ, ಫ್ಲೋರ್ ಒಂದ್ಕಡೆ ಬಿಟ್ರೆ ತುಕ್ಕಿಲ್ಲ, ಆದ್ರೆ ಎಂಜಿನ್ ಸುಸ್ತಾಗಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ, ಆಯಿಲ್ ಮೇಲಿಂದ ಮೇಲೆ ಹಾಕ್ತಾ ಇರ್ಬೇಕು, ಗುಂಡ್ಯ ಕಡೆಯಿಂದ ಶಿರಾಡಿ ಹತ್ತಬೇಕಾದ್ರೆ ಎರಡನೇ ಗೇರಲ್ಲೇ ಅಳ್ಕೊಂಡು ಬರುತ್ತೆ, ಅರ್ಧ ದಾರೀಲಿ ಪೆಟ್ರೋಲ್ ಪಂಪ್ ಬಿಸಿಯಾಗಿ ನಿಂತೇ ಹೋಗುತ್ತೆ, ಆಮೇಲೆ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕ್ಕೊಂಡು ಕಾಯೋದು.

ಇಲ್ಲಿನ ಮೆಕ್ಯಾನಿಕ್ ಒಬ್ರು "ಮಾರುತಿ ಎಸ್ಟೀಮ್ ಎಂಜಿನ್ ಕೂರ್ಸಿಬಿಡೋಣ, ಬಾಣದಂಗೆ ಹೋಗುತ್ತೆ" ಅಂತಾರೆ. ಇನ್ನೊಬ್ರು 118ಎನ್‌ಇ ಎಂಜಿನ್ ಹುಡುಕಿ ಅಂತಾರೆ. ನನ್ನ ಕಸಿನ್ ಮಾರುತಿ ಈಕೋ ಎಂಜಿನ್ ಹಾಕಿದ್ರೆ ಪೆಟ್ರೋಲ್ ಇಂಜೆಕ್ಷನ್ನೂ ಬರುತ್ತೆ, ಮೈಲೇಜೂ ಬರುತ್ತೆ ಅಂತಾನೆ. ಒಂದು ಲಕ್ಷದೊಳಗೆ ಮುಗಿಸ್ಬೇಕು. ಡೈಲಿ ಓಡ್ಸಲ್ಲ, ವಾರಕ್ಕೊಂದ್ಸಲ ಸಕಲೇಶಪುರ, ಆಗಾಗ ಧರ್ಮಸ್ಥಳ ಸುಬ್ರಹ್ಮಣ್ಯ ಅಷ್ಟೆ. ಯಾವ್ದು ಕೂರುತ್ತೆ, ಆರ್‌ಟಿಓದವ್ರು ಏನಂತಾರೆ, ಮಾಡ್ಸಿರೋರು ಇದ್ರೆ ಹೇಳಿ.

ಲೇಥ್_ಹುಬ್ಬಳ್ಳಿ

ನೋಡ್ರಿ ಸರ, ಎಸ್ಟೀಮ್ ಎಂಜಿನ್ ಅಂದಾವ್ರ ಗ್ಯಾರೇಜಿಗೆ ಗಾಡಿ ಒಯ್ಯಬ್ಯಾಡ್ರಿ ಮೊದ್ಲ. ಎಸ್ಟೀಮ್ ಅಂದ್ರ ಮುಂದಿನ ಗಾಲಿ ಎಳಿಯೋ ಗಾಡಿ, ಎಂಜಿನ್ ಬಾನೆಟ್ ಒಳಗ ಅಡ್ಡ ಕುಂತಿರ್ತದ, ಗೇರ್‌ಬಾಕ್ಸು ಡಿಫರೆನ್ಷಿಯಲ್ಲು ಎರಡೂ ಒಂದ ಡಬ್ಬಿಯೊಳಗ. ಪದ್ಮಿನಿ ಹಂಗಲ್ಲ, ಎಂಜಿನ್ ಉದ್ದಕ ಇರ್ತದ, ಅದರ ಹಿಂದ ಗೇರ್‌ಬಾಕ್ಸು, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟು, ಹಿಂದ ಹೌಸಿಂಗು (ಡಿಫರೆನ್ಷಿಯಲ್ ಇರೋ ಹಿಂದಿನ ಆಕ್ಸಲ್), ಅದಕ್ಕ ಪಟ್ಟಿ ಸ್ಪ್ರಿಂಗು. ಎಸ್ಟೀಮಿನ ಗೇರ್‌ಬಾಕ್ಸ್ ನಿಮಗ ಏನೂ ಉಪಯೋಗ ಇಲ್ಲ. ಮಾಡಬೇಕಂದ್ರ ಅದ 1.3 ಎಂಜಿನ್ನಿಗೆ ಜಿಪ್ಸಿ ಗೇರ್‌ಬಾಕ್ಸ್ ಹಚ್ಚಬೇಕು, ಯಾಕಂದ್ರ ಜಿಪ್ಸಿ ಕಿಂಗ್ ಒಳಗ ಅದ ಜಾತಿ ಎಂಜಿನ್ ಉದ್ದಕ ಕುಂತದ, ಟ್ರಾನ್ಸ್‌ಫರ್ ಕೇಸ್ ಬ್ಯಾರೆ ಡಬ್ಬಿ ಇರೋದಕ್ಕ ಗೇರ್‌ಬಾಕ್ಸ್ ಒಂದ ಬಿಚ್ಚಿ ತಗೋಬಹುದು. ಆದ್ರ ಜಿಪ್ಸಿ ಸಾಮಾನಿಗೆ ಈಗ ರ‍್ಯಾಲಿ ಹುಡುಗ್ರು ಕೇಳಿದಷ್ಟು ಕೊಟ್ಟು ಒಯ್ತಾರ, ನಿಮ್ಮ ಲಕ್ಷ ಅಲ್ಲೇ ಕರಗ್ತದ.

118ಎನ್‌ಇ ಅಂದಾವ್ರು ತಿಳಿದಾವ್ರು. ಅದು ಪ್ರೀಮಿಯರ್‌ದಾವ್ರ 1985ರಾಗ ತಂದ ಗಾಡಿ, ಬಾಡಿ ಫಿಯಟ್ 124ದು, ಎಂಜಿನ್ ನಿಸ್ಸಾನ್ ಎ12, 1171 ಸಿಸಿ. ಪದ್ಮಿನಿಯ ಫಿಯಟ್ ಎಂಜಿನ್ 1089 ಸಿಸಿ, ಬೋರ್ (ಸಿಲಿಂಡರಿನ ಅಗಲ) 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 75. ನಿಸ್ಸಾನಿಂದು ಉಲ್ಟಾ, ಬೋರ್ 73, ಸ್ಟ್ರೋಕ್ 70, ಅದಕ್ಕ ಅದು ಮ್ಯಾಲ ಹಗೂರ ತಿರಗ್ತದ. ಇನ್ನೊಂದು ಮುಖ್ಯ ಮಾತಂದ್ರ, ಫಿಯಟ್ ಕ್ರ್ಯಾಂಕಿಗೆ ಮೇನ್ ಬೇರಿಂಗ್ ಮೂರ ಇರ್ತಾವ, ನಿಸ್ಸಾನಿಗೆ ಐದು. ಎರಡೂ ಬಿಚ್ಚಿ ಬೆಂಚಿನ ಮ್ಯಾಲ ಇಟ್ಟು ನೋಡಿದ್ರ ನಿಮಗ ತಾನ ಗೊತ್ತಾಗ್ತದ ಯಾವ್ದು ಜಾಸ್ತಿ ದಿನಾ ಬಾಳತದ ಅಂತ. ಪದ್ಮಿನಿದು 40 ಚಿಲ್ಲರೆ ಹಾರ್ಸ್‌ಪವರ್, 118ಎನ್‌ಇದು 52. ಕಾಗದದ ಮ್ಯಾಲ ಕಡಿಮಿ ಅನ್ನಸ್ತದ, ಘಾಟ್ ಹತ್ತೂ ಮುಂದ ಮೂರನೇ ಗೇರ್ ಹಿಡೀತದ ಅನ್ನೋದ ಫರಕು.

ಗೇರ್‌ಬಾಕ್ಸ್ ಸಮೇತ ತಗೋರಿ, ಬರೇ ಎಂಜಿನ್ ತಗೊಂಡು ಫಿಯಟ್ ಗೇರ್‌ಬಾಕ್ಸಿಗೆ ಅಡಾಪ್ಟರ್ ಪ್ಲೇಟ್ ಮಾಡಸೋ ಉಸಾಬರಿ ಬ್ಯಾಡ. ಆ ಪ್ಲೇಟ್ ಕೂದಲೆಳೆಯಷ್ಟು ಆಚೀಚೆ ಆದ್ರ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ತಿಂದು ಹಾಕ್ತದ, ಕ್ಲಚ್ ನಡಗ್ತದ, ಎಲ್ಲಾರೂ ಕ್ಲಚ್ ಪ್ಲೇಟ್ ಬದಲ್ಸಕೋತ ಕುಂದರ್ತಾರ. ಪದ್ಮಿನಿಯ ಕೊನೀ ವರ್ಷದ ಎಸ್1 ಗಾಡಿಗೆ ಕಂಪನಿಯವ್ರ ನಿಸ್ಸಾನ್ ಗೇರ್‌ಬಾಕ್ಸ್ ಹಾಕಿ ಫ್ಲೋರ್ ಶಿಫ್ಟ್ ಕೊಟ್ಟಿದ್ರು, ಅಂದ್ರ ಫ್ಲೋರಿನ ನಡುವ ಗೇರ್‌ಬಾಕ್ಸ್ ಕೂಡೋ ಟನೆಲ್ ಒಳಗ ಅದು ಕೂಡ್ತದ ಅನ್ನೋದು ನಮ್ಮ ನಿಮ್ಮ ಅಂದಾಜಲ್ಲ.

ಫಿಯಟ್_ಹಾಸನ

ಅಣ್ಣ ಥ್ಯಾಂಕ್ಸ್, ಅಡ್ಡ ಉದ್ದದ ವಿಷಯ ನಮ್ಮ ಮೆಕ್ಯಾನಿಕ್ ಬಾಯೇ ಬಿಟ್ಟಿರ್ಲಿಲ್ಲ. ಹಂಗಾದ್ರೆ ಸ್ಟೇರಿಂಗ್ ಪಕ್ಕದ ಗೇರ್ ಹೋಗಿ ಫ್ಲೋರ್ ಗೇರ್ ಬರುತ್ತೆ? ಅಪ್ಪ ಅದಕ್ಕೆ ಬೇಜಾರ್ ಮಾಡ್ಕೋತಾರೆ ಅನ್ಸುತ್ತೆ, ಅವ್ರಿಗೆ ಆ ಕಾಲಮ್ ಗೇರೇ ಪ್ರಾಣ. ಈಕೋ ಬಗ್ಗೆ ಯಾರಾದ್ರೂ?

ಕುಡ್ಲದ_ಡೀಸೆಲ್

ಈಕೋ ಹೇಳಿದ ನಿಮ್ಮ ಕಸಿನ್ ಅಷ್ಟೇನೂ ದಡ್ಡ ಅಲ್ಲ ಮಾರಾಯ್ರೆ. ಅದು ಹಿಂದಿನ ಚಕ್ರದ ಗಾಡಿ, ಎಂಜಿನ್ ಉದ್ದಕ್ಕೇ ಉಂಟು, ಐದು ಗೇರ್, 2010ರಲ್ಲಿ ಬಂದಾಗ 1196 ಸಿಸಿ, 73 ಹಾರ್ಸ್‌ಪವರ್. ಪದ್ಮಿನಿಗೆ ಅದು ಬೇಕಾದಷ್ಟಾಯ್ತು, ಬೇಕಾದ್ದಕ್ಕಿಂತ ಜಾಸ್ತಿಯೇ ಆಯ್ತು. ಆದ್ರೆ ಆ ಎಂಜಿನ್ ಮಾಡಿದ್ದು ಸೀಟಿನ ಅಡಿ ಇಡ್ಲಿಕ್ಕೆ, ಹಾಗಾಗಿ ಸಂಪು (ಎಂಜಿನ್ ಅಡಿಯ ಆಯಿಲ್ ತೊಟ್ಟಿ), ಇನ್‌ಟೇಕ್ ಪೈಪು, ನೀರಿನ ಪೈಪು ಎಲ್ಲದರ ಆಕಾರ ಬೇರೆ. ನಿಮ್ಮ ಕ್ರಾಸ್‌ಮೆಂಬರ್‌ಗೆ ಸಂಪ್ ತಾಗ್ತದಾ, ಸ್ಟೇರಿಂಗ್ ರಾಡ್ ತಿರುಗ್ಲಿಕ್ಕೆ ಜಾಗ ಉಳಿತದಾ ಅಂತ ಅಳತೆ ತೆಗೀದೆ ದುಡ್ಡು ಕೊಡ್ಬೇಡಿ. ಅದರ ಮೇಲೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೂರ್ತಿ ವೈರಿಂಗ್, ಎಕ್ಸಾಸ್ಟಲ್ಲಿ ಆಕ್ಸಿಜನ್ ಸೆನ್ಸರ್, ಟ್ಯಾಂಕಿನೊಳಗೆ ಪ್ರೆಶರ್ ಪಂಪ್, ರಿಟರ್ನ್ ಲೈನ್, ಇಮ್ಮೊಬಿಲೈಸರ್ (ಬೇರೆ ಕೀಗೆ ಸ್ಟಾರ್ಟ್ ಆಗದ ಹಾಗೆ ಮಾಡುವ ಲಾಕ್) ಇದ್ರೆ ಆ ಗಾಡಿಯದ್ದೇ ಕೀ. ಇದ್ರಲ್ಲಿ ಒಂದು ವೈರ್ ತಪ್ಪಿದ್ರೂ ಚೆಕ್ ಎಂಜಿನ್ ಲೈಟ್ ಹಾಕ್ಲಿಕ್ಕೆ ಪದ್ಮಿನಿಯ ಡ್ಯಾಶಲ್ಲಿ ಬಲ್ಬೂ ಇಲ್ಲ!

ಒಂದು ಕಂಪನಿಯ ಗಾಡಿಗೆ ಇನ್ನೊಂದು ಕಂಪನಿಯ ಎಂಜಿನ್ ಅಂದ್ರೆ ಏನೋ ಮಹಾಪಾಪ ಅಂತ ಹೇಳೋರಿದ್ದಾರೆ. ನಮ್ಮ ದೇಶದ ಕಾರುಗಳ ಕಥೆಯೇ ಅದಲ್ವಾ. ಮಾರುತಿ ಝೆನ್ ಡೀಸೆಲ್, ಎಸ್ಟೀಮ್ ಡೀಸೆಲ್ಲಲ್ಲಿ ಇದ್ದದ್ದು ಫ್ರಾನ್ಸಿನ ಪ್ಯೂಜೋ ಎಂಜಿನ್, 1527 ಸಿಸಿ, ಟಿಯುಡಿ5. ನಾನು ಆ ಝೆನ್ ಓಡಿಸಿದ್ದೇನೆ, ಐಡ್ಲಲ್ಲಿ ಕನ್ನಡಿ ನಡುಗ್ತಿತ್ತು, ಆದ್ರೆ ಮೈಲೇಜ್ ಮಾತ್ರ ಹೇಳಿದ್ರೆ ನಂಬ್ಲಿಕ್ಕಿಲ್ಲ ನೀವು. 2007ರ ಸ್ವಿಫ್ಟ್ ಡೀಸೆಲ್ಲಲ್ಲಿ ಫಿಯಟ್‌ನ 1248 ಸಿಸಿ ಮಲ್ಟಿಜೆಟ್, ಅದೇ ಎಂಜಿನ್ ಟಾಟಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್ ಅಂತ ಹೆಸರಿಟ್ಕೊಂಡು, ಪುಂಟೋದಲ್ಲಿ, ಲೀನಿಯಾದಲ್ಲಿ, ಶೆವರ್ಲೆ ಸೇಲಲ್ಲಿ, ಕೊನೆಗೆ ಪ್ರೀಮಿಯರ್ ರಿಯೋದಲ್ಲೂ ಬಂತು. ಅಂಬಾಸಿಡರಿಗೆ ಇಸುಝು ಎಂಜಿನ್ ಬಂದ ಮೇಲೆ ಅಲ್ವಾ ಅದು ಮರ್ಯಾದೆಯಲ್ಲಿ ಓಡ್ಲಿಕ್ಕೆ ಶುರು ಮಾಡಿದ್ದು.

ಆದ್ರೆ ಕಂಪನಿ ಮಾಡುವಾಗ ಎಂಜಿನ್ ಒಂದನ್ನೇ ಬದಲು ಮಾಡುದಿಲ್ಲ. ಡೀಸೆಲ್ ಭಾರ ಅಂತ ಮುಂದಿನ ಸ್ಪ್ರಿಂಗ್ ಬದಲು ಮಾಡ್ತದೆ, ಮೌಂಟಿನ ರಬ್ಬರ್ ಬದಲು, ರೇಡಿಯೇಟರ್ ಬದಲು, ಗೇರ್ ರೇಶಿಯೋ ಬದಲು. ನಮ್ಮ ಗ್ಯಾರೇಜುಗಳಲ್ಲಿ ಎಂಜಿನ್ ಕೂತು ಸ್ಟಾರ್ಟ್ ಆದ ಕೂಡ್ಲೇ ಫೋಟೋ ತೆಗ್ದು ಗ್ರೂಪಿಗೆ ಹಾಕಿ ಕೆಲಸ ಮುಗೀತು ಅಂತಾರೆ. ನಿಮ್ಮ ಪದ್ಮಿನಿಗೆ ನಾಲ್ಕೂ ಡ್ರಮ್ ಬ್ರೇಕ್, 5.20-14ರ ಸಣಕಲು ಟೈರ್. ಈಕೋ ಎಂಜಿನ್ ಹಾಕಿ ಶಿರಾಡಿ ಹತ್ತುದು ಬಿಡಿ, ಇಳಿಯುವಾಗ ಆ ಡ್ರಮ್ ಬಿಸಿಯಾಗಿ ಪೆಡಲ್ ಕೆಳಗೆ ಹೋದ್ರೆ ಏನು ಮಾಡ್ತೀರಿ? ಅದನ್ನು ಮೊದ್ಲು ಯೋಚನೆ ಮಾಡಿ.

ಆರ್‌ಸಿ_ಬುಕ್

ಎಂಜಿನ್ ಚರ್ಚೆ ಚೆನ್ನಾಗಿದೆ, ಆದ್ರೆ ಆರ್‌ಟಿಓ ಪ್ರಶ್ನೆಗೆ ಯಾರೂ ಉತ್ರ ಕೊಟ್ಟಿಲ್ಲ ಅದಕ್ಕೆ ಬರೀತಿದೀನಿ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಆರ್‌ಸಿಯಲ್ಲಿರೋ ವಿವರ ತಯಾರಕರು ಮೊದಲು ಕೊಟ್ಟಿರೋ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳ್ತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ(4) ಬಂತು, ಮಾಲೀಕನೇ ನಿಯಮ ಮೀರಿ ಗಾಡಿ ಬದಲಾಯಿಸಿದ್ರೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ.

ನಿಮ್ಮ ಎಂಜಿನ್ ಹಾಳಾಯ್ತು ಅಂತ ಇನ್ನೊಂದು ಪದ್ಮಿನಿ ಎಂಜಿನ್ ಹಾಕಿಸ್ತೀರಿ ಅಂದ್ರೆ ಅದಕ್ಕೆ ದಾರಿ ಇದೆ. ಕೆಲ್ಸ ಶುರು ಮಾಡೋಕೆ ಮುಂಚೆ ಅರ್ಜಿ, ಎಂಜಿನ್ ಕೊಂಡ ಬಿಲ್ಲು, ಅದು ಯಾವ ಗಾಡಿದು ಅನ್ನೋದಕ್ಕೆ ಕಾಗದ, ಸಾಮಾನ್ಯವಾಗಿ ಪೊಲೀಸ್ ಎನ್‌ಒಸಿ ಕೇಳ್ತಾರೆ, ಇನ್ಸ್‌ಪೆಕ್ಟರ್ ನೋಡಿ ಹೊಸ ಎಂಜಿನ್ ನಂಬರ್ ಆರ್‌ಸಿಗೆ ಏರಿಸ್ತಾರೆ. ನಿಸ್ಸಾನ್ ಎಂಜಿನ್ ಅಂದ್ರೆ ಸಿಸಿ ಬೇರೆ, ಮೇಕ್ ಬೇರೆ, ಪದ್ಮಿನಿ ಪೆಟ್ರೋಲ್ ಮಾಡೆಲ್‌ನ ಅನುಮೋದಿತ ಸ್ಪೆಸಿಫಿಕೇಶನ್ನಲ್ಲಿ ಅದು ಇಲ್ಲ. "ಪ್ರೀಮಿಯರ್ ಕಂಪನಿದೇ ಸಾರ್" ಅಂತ ಕೌಂಟರಲ್ಲಿ ವಾದ ಮಾಡ್ಬಹುದು, ನಡಿಯುತ್ತೆ ಅಂತ ನಾನಂತೂ ಹೇಳಲ್ಲ. ಈಕೋ ಎಂಜಿನ್ ಕೇಳೋದೇ ಬೇಡ.

ಎಷ್ಟೋ ಜನ ಏನೂ ಹೇಳದೆ ಹಾಕ್ಸಿ ಓಡಿಸ್ತಾ ಇದಾರೆ, ಚೆಕ್ಕಿಂಗಲ್ಲಿ ಬಾನೆಟ್ ಎತ್ತಿ ಎಂಜಿನ್ ನಂಬರ್ ನೋಡೋ ಪೊಲೀಸ್ ನಾನೂ ನೋಡಿಲ್ಲ. ಆದ್ರೆ ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್ ಸರ್ವೇಯರ್ ನೋಡ್ತಾನೆ, ಐದು ವರ್ಷಕ್ಕೊಮ್ಮೆ ರಿನ್ಯೂವಲ್ಲಿಗೆ ಹೋದಾಗ ಇನ್ಸ್‌ಪೆಕ್ಟರ್ ನೋಡ್ತಾರೆ. ಗುಜರಿಯಿಂದ ಬಿಲ್ ಇಲ್ದೆ ತಂದ ಎಂಜಿನ್ ಕಳ್ಳಮಾಲು ಅಂತಾದ್ರೆ ಆಗ ವಿಷಯ ಆರ್‌ಟಿಓದು ಅಲ್ಲ.

ಇನ್ನೊಂದು. 2021ರಲ್ಲಿ ಕೇಂದ್ರ ವಿಂಟೇಜ್ ಗಾಡಿ ನಿಯಮ ತಂತು, ಮೊದಲ ನೋಂದಣಿ ಆಗಿ 50 ವರ್ಷ ದಾಟಿರೋ ಗಾಡಿಗೆ ವಿಎ ಸೀರೀಸ್ ನಂಬರ್ ಸಿಗುತ್ತೆ, ಆದ್ರೆ ಗಾಡಿ ಮೂಲ ರೂಪದಲ್ಲೇ ಇರ್ಬೇಕು. ನಿಮ್ದು 2037ಕ್ಕೆ 50 ಆಗುತ್ತೆ.

ಮೈಸೂರ್_1100

ನಂದೂ ಪದ್ಮಿನಿನೇ, ಇನ್ನೂ ಅದೇ ಎಂಜಿನ್ನು, ಅದಕ್ಕೇ ಸ್ವಲ್ಪ ಪಕ್ಷಪಾತ ಮಾಡಿ ಮಾತಾಡ್ತೀನಿ, ಕ್ಷಮಿಸಿ. ಗುರುವೇ, ನೀನು ಹೇಳಿರೋ ಮೂರು ಕಾಯಿಲೇನೂ ಬೇರೆ ಬೇರೆ. ನೀಲಿ ಹೊಗೆ ಮತ್ತೆ ಆಯಿಲ್ ಕುಡಿಯೋದು ರಿಂಗು, ಬೋರು, ವಾಲ್ವ್ ಗೈಡು. ಘಾಟ್ ಹತ್ತದೇ ಇರೋದು ಅದರ ಮರಿ, ಕಂಪ್ರೆಷನ್ ಇಲ್ದಿದ್ರೆ ಯಾವ ಎಂಜಿನ್ ಹತ್ತುತ್ತೆ ಹೇಳು. ಅರ್ಧ ದಾರೀಲಿ ನಿಲ್ಲೋದು ವೇಪರ್ ಲಾಕ್, ಅಂದ್ರೆ ಬಿಸಿಗೆ ಪೆಟ್ರೋಲ್ ಲೈನಲ್ಲೇ ಆವಿಯಾಗಿ ಪಂಪ್ ಎಳೆಯಕ್ಕಾಗದೇ ಇರೋದು, ಅದಕ್ಕೂ ಎಂಜಿನ್ ಸವೆತಕ್ಕೂ ಸಂಬಂಧ ಇಲ್ಲ, ಕಾರ್ಬುರೇಟರ್ ನಿಸ್ಸಾನ್ ಹಾಕಿದ್ರೂ ಮೆಕ್ಯಾನಿಕಲ್ ಪಂಪು, ಬಿಸಿ ಬಾನೆಟ್ಟು, ಅದೇ ಪೆಟ್ರೋಲು, ಅದೇ ಒದ್ದೆ ಬಟ್ಟೆ.

ವೇಪರ್ ಲಾಕಿಗೆ ಪೆಟ್ರೋಲ್ ಲೈನ್ ಎಕ್ಸಾಸ್ಟ್ ಮ್ಯಾನಿಫೋಲ್ಡಿಂದ ದೂರ ಸರಿಸಿ, ಟ್ಯಾಂಕ್ ಹತ್ರ ಕಡಿಮೆ ಪ್ರೆಶರಿನ ಎಲೆಕ್ಟ್ರಿಕ್ ಪಂಪ್ ಹಾಕ್ಸು. ಗಮನ ಇರ್ಲಿ, ಕಾರ್ಬುರೇಟರ್ ಗಾಡಿಗೆ ಆಗೋ ಪಂಪೇ ಬೇಕು, ಇಂಜೆಕ್ಷನ್ ಗಾಡಿ ಪಂಪ್ ಹಾಕಿದ್ರೆ ಫ್ಲೋಟ್ ಸೂಜಿ ತಡೀದೆ ಕಾರ್ಬುರೇಟರಿಂದ ಪೆಟ್ರೋಲ್ ಉಕ್ಕುತ್ತೆ, ಬೆಂಕಿ ಕೆಲ್ಸ ಅದು. ಹಂಗೇ ಹಳೇ ರಬ್ಬರ್ ಹೋಸು, ಪಂಪಿನ ಡಯಾಫ್ರಮ್ಮು ಎಲ್ಲ ಬದಲಾಯ್ಸು, ಈಗ ಬಂಕಲ್ಲಿ ಸಿಗೋ ಇ20ಗೆ (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ಆ ಕಾಲದ ರಬ್ಬರ್ ಮೆತ್ತಗಾಗಿ ಬಿರುಕು ಬಿಡುತ್ತೆ.

ಎಂಜಿನ್ನಿಗೆ ಮೊದ್ಲು ಕಂಪ್ರೆಷನ್ ಟೆಸ್ಟ್ ಮಾಡ್ಸು. ನಾಲ್ಕೂ ಪ್ಲಗ್ ಬಿಚ್ಚಿ ಗೇಜ್ ಹಾಕಿ ಒಂದ್ಸಲ, ಆಮೇಲೆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಇನ್ನೊಂದ್ಸಲ. ಎರಡನೇ ಸಲ ರೀಡಿಂಗ್ ಏರಿದ್ರೆ ರಿಂಗ್, ಬೋರ್. ಏರದೇ ಇದ್ರೆ ವಾಲ್ವ್. ರೀಬೋರ್ (ಸವೆದ ಸಿಲಿಂಡರ್ ಕೊರೆದು ಸಮ ಮಾಡೋದು), ಓವರ್‌ಸೈಜ್ ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಕೆಲ್ಸ ಎಲ್ಲ ಸೇರಿದ್ರೂ ನಿನ್ನ ಲಕ್ಷ ಮುಟ್ಟಲ್ಲ, ಆರ್‌ಟಿಓ ಕಡೆ ತಲೆ ಹಾಕಿ ಮಲಗೋದೂ ಬೇಡ. ಸಾಮಾನು ಜೆ.ಸಿ. ರಸ್ತೇಲಿ ಕೇಳು. ಒಂದು ಮಾತು ನಿಜ, ಬೊಂಬಾಯಿ ಕಾಲಿ ಪೀಲಿ ಟ್ಯಾಕ್ಸಿ ಇದ್ದಷ್ಟು ದಿನ ಸಾಮಾನಿಗೆ ಬರ ಇರ್ಲಿಲ್ಲ, 2023ರ ಅಕ್ಟೋಬರಲ್ಲಿ ಕೊನೇ ಪದ್ಮಿನಿ ಟ್ಯಾಕ್ಸಿಗೂ 20 ವರ್ಷ ತುಂಬಿ ರಸ್ತೆ ಬಿಡ್ತು, ಇನ್ಮುಂದೆ ಸಿಕ್ಕಾಗ ಒಂದು ಸೆಟ್ ಜಾಸ್ತಿ ತಗೊಂಡು ಇಟ್ಕೊಳ್ಳೋದೇ.

ಲೇಥ್_ಹುಬ್ಬಳ್ಳಿ

ಮೈಸೂರ್ ಅವ್ರ ಮಾತಿಗೆ ನಾ ಎದುರಾಡಂಗಿಲ್ಲ, ಬ್ಲಾಕ್ ಚಲೋ ಇದ್ರ ಬೋರಿಂಗ್ ಮಾಡಸೋದ ಶಾಣ್ಯಾತನ. ಆದ್ರ ಒಂದು ಷರತ್ತು, ಬ್ಲಾಕ್ ಮೊದ್ಲ ಎಷ್ಟು ಸರ್ತಿ ಬೋರ್ ಆಗೇದ ನೋಡ್ರಿ, ಪಿಸ್ಟನ್ ತಲೀ ಮ್ಯಾಲ ಸೈಜ್ ಹೊಡದಿರ್ತಾರ. ಕೊನೀ ಸೈಜ್ ಮುಟ್ಟಿದ್ರ ಸ್ಲೀವ್ (ಸಿಲಿಂಡರ್ ಒಳಗ ಕೂಡಸೋ ಹೊಸ ಕೊಳವಿ) ಹಾಕಸಬೇಕು, ಹಾಕಸೋದಾದ್ರ ನಾಲ್ಕಕ್ಕೂ ಹಾಕಸ್ರಿ, ಒಂದಕ್ಕ ಹಾಕಿ ಕೈ ತೊಳಕೊಳ್ಳೋ ಲೇಥಿನಾವ್ರು ಭಾಳ ಮಂದಿ ಅದಾರ.

ಫಿಯಟ್_ಹಾಸನ

ಅಣ್ಣಂದಿರಾ, ಕಣ್ಣು ತೆರೆಸಿದ್ರಿ. ಸೆಕ್ಷನ್ 52 ಓದಿದ್ಮೇಲೆ ಈಕೋ ಆಸೆ ಹೋಯ್ತು. ಭಾನುವಾರ ಕಂಪ್ರೆಷನ್ ಟೆಸ್ಟ್ ಮಾಡಿಸಿ ರೀಡಿಂಗ್ ಹಾಕ್ತೀನಿ. ಅಕಸ್ಮಾತ್ ಬ್ಲಾಕೇ ಹೋಗಿದೆ ಅಂದ್ರೆ ಇನ್ನೊಂದು ಪದ್ಮಿನಿ ಎಂಜಿನ್ ಬಿಲ್ ಸಮೇತ ಎಲ್ಲಿ ಹುಡುಕ್ಲಿ? ಶಿವಾಜಿನಗರ ಗುಜರಿಯಲ್ಲಿ ಬಿಲ್ ಕೊಡ್ತಾರಾ?

ಆರ್‌ಸಿ_ಬುಕ್

ಗುಜರಿಗೆ ಹೋಗ್ಬೇಡಿ. ಬಾಡಿ ಪೂರ್ತಿ ತುಕ್ಕು ಹಿಡಿದು ಶೆಡ್ಡಲ್ಲಿ ನಿಂತಿರೋ ಪದ್ಮಿನಿ ಯಾರ ಮನೇಲಾದ್ರೂ ಇದ್ರೆ ಆರ್‌ಸಿ ಸಮೇತ ಇಡೀ ಗಾಡೀನೇ ತಗೊಳ್ಳಿ, ಎಂಜಿನ್ ನಂಬರ್ ಆ ಆರ್‌ಸಿ ಜೊತೆ ತಾಳೆ ನೋಡಿ, ಮಾಲೀಕರ ಹೆಸರಲ್ಲೇ ಆ ಆರ್‌ಸಿ ರದ್ದು ಮಾಡಿಸಿ ಅದರ ಪ್ರತಿ ಇಟ್ಕೊಳ್ಳಿ. ಬಾಗಿಲು, ಗ್ಲಾಸು, ಹೌಸಿಂಗು ಎಲ್ಲ ಬೋನಸ್ಸು.

ಕುಡ್ಲದ_ಡೀಸೆಲ್

ಆ ಗಾಡಿ ಸಿಕ್ಕಿದ್ರೆ ಹಿಂದಿನ ಡ್ರಮ್ಮು, ವೀಲ್ ಸಿಲಿಂಡರು ನಂಗೆ ಹೇಳಿ ಮಾರಾಯ್ರೆ, ಪುತ್ತೂರಲ್ಲಿ ಒಬ್ರಿಗೆ ಅರ್ಜೆಂಟ್ ಬೇಕಾಗಿತ್ತು.