ಅಮ್ಮ ಊರಿಂದ ಫ್ಲ್ಯಾಟ್‌ಗೆ ಬಂದಿದ್ದಾರೆ, ಬಾಲ್ಕನಿಯಲ್ಲಿ ಗಿಡ ಬೆಳೆಸಿದರೆ ಉಪಯೋಗ ಆಗುತ್ತದಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಅಪ್ಪ ಹೋದ ಮೇಲೆ ಅಮ್ಮನನ್ನು ತೀರ್ಥಹಳ್ಳಿ ಕಡೆಯ ನಮ್ಮ ಊರಿಂದ ಬೆಂಗಳೂರಿಗೆ ಕರೆದುಕೊಂಡು ಬಂದೆ. ಉತ್ತರಹಳ್ಳಿಯಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟ್. ಊರಲ್ಲಿ ಬೆಳಗಾದರೆ ಸಾಕು ಹಿತ್ತಲಿಗೆ ಹೋಗುತ್ತಿದ್ದವರು ಈಗ ಟಿವಿ ಮುಂದೆ ಕೂತಿರುತ್ತಾರೆ. ಟಿವಿ ನೋಡುವುದೂ ಇಲ್ಲ, ಸುಮ್ನೆ ಕೂತಿರುತ್ತಾರೆ. ಮಾತು ಕಡಿಮೆಯಾಗಿದೆ. ಅವರ ಕೋಣೆಯ ಕಿಟಕಿ ತೆಗೆದರೆ ಪಕ್ಕದ ಬಿಲ್ಡಿಂಗ್‌ನ ಗೋಡೆ. ಪೂರ್ವಕ್ಕೆ ಸಣ್ಣದೊಂದು ಬಾಲ್ಕನಿ ಇದೆ, ಬೆಳಗ್ಗೆ ಹತ್ತೂವರೆ ತನಕ ಬಿಸಿಲು ಬೀಳುತ್ತದೆ. ನರ್ಸರಿಯಿಂದ ಹೂವಿನ ಕುಂಡಗಳನ್ನು ತಂದಿಟ್ಟು ಅಮ್ಮನಿಗೆ ಸರ್‌ಪ್ರೈಸ್ ಕೊಡೋಣ ಅಂತ ನನ್ನ ಹೆಂಡತಿ ಹೇಳುತ್ತಿದ್ದಾಳೆ. ಇದರಿಂದ ನಿಜವಾಗಿ ಏನಾದರೂ ಆಗುತ್ತದಾ? ಯಾವ ಗಿಡ ತರಲಿ?

ಮಹಡಿತೋಟ, ವಿಜಯನಗರ:
ಖಂಡಿತ ಆಗುತ್ತದೆ. ಆದರೆ ದಯವಿಟ್ಟು ಸರ್‌ಪ್ರೈಸ್ ಬೇಡ. ಹೂಬಿಟ್ಟ ಕುಂಡ ತಂದಿಟ್ಟರೆ ಅಮ್ಮ ಎರಡು ದಿನ ನೋಡಿ, ಚೆನ್ನಾಗಿದೆ ಅಂದು ಮತ್ತೆ ಟಿವಿ ಮುಂದೆ ಕೂರುತ್ತಾರೆ. ಹಿತ್ತಲಲ್ಲಿ ಅವರೇ ಯಜಮಾನಿ ಆಗಿದ್ದವರು. ಎಲ್ಲಿ ಏನು ಹಾಕಬೇಕು, ಯಾವಾಗ ಕೊಯ್ಯಬೇಕು ಅಂತ ಅವರೇ ಹೇಳುತ್ತಿದ್ದರು, ಅಲ್ವಾ? ಆ ಅಧಿಕಾರವನ್ನು ಅವರ ಕೈಗೆ ವಾಪಸ್ ಕೊಡಿ. ಖಾಲಿ ಕುಂಡ, ಮಣ್ಣು, ಗೊಬ್ಬರ ತಂದು ಮುಂದಿಟ್ಟು "ಅಮ್ಮ, ಇಲ್ಲಿ ಏನು ಬರಬಹುದು?" ಅಂತ ಕೇಳಿ. ಉಳಿದದ್ದು ಅವರು ನೋಡಿಕೊಳ್ಳುತ್ತಾರೆ.

ನಮ್ಮತ್ತೆ ಅರಕಲಗೂಡು ಕಡೆಯವರು. ಇಲ್ಲಿಗೆ ಬಂದ ಹೊಸದರಲ್ಲಿ ನಿಮ್ಮ ಅಮ್ಮನ ಹಾಗೇ ಇದ್ದರು. ನಾನು ಒಂದು ಚೀಲ ಕೆಂಪು ಮಣ್ಣು ತರಿಸಿದ್ದೆ. ಅತ್ತೆ ಬಂದು ಒಂದು ಹಿಡಿ ತೆಗೆದುಕೊಂಡರು, ನೀರು ಚಿಮುಕಿಸಿ ಉಂಡೆ ಕಟ್ಟಿದರು, ಹೆಬ್ಬೆರಳಲ್ಲಿ ಒತ್ತಿದರು. ಉಂಡೆ ಒಡೆಯಲಿಲ್ಲ, ಬೆರಳಿನ ಗುರುತು ಹಾಗೇ ನಿಂತಿತು. "ಬರೀ ಜಿಗುಟು ಕಣಮ್ಮ ಇದು. ನೀರು ನಿಂತು ಬೇರು ಕೊಳೆಯುತ್ತೆ" ಅಂದರು. ಆಮೇಲೆ ಅವರೇ ಕೂತು ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಮೂರನ್ನೂ ಸಮ ಸಮ ಬೆರೆಸಿ, ಮೇಲೊಂದಿಷ್ಟು ಬೇವಿನ ಹಿಂಡಿ ಹಾಕಿ, ಮತ್ತೆ ಉಂಡೆ ಕಟ್ಟಿ ನೋಡಿದರು. ಈ ಸಲ ಮುಟ್ಟಿದ ಕೂಡಲೇ ಉದುರಿತು. ಅವತ್ತು ಮಧ್ಯಾಹ್ನ ಊಟಕ್ಕೆ ನಾನು ಎರಡು ಸಲ ಕರೆಯಬೇಕಾಯಿತು.

ನಾನು ಎಣಿಸದೇ ಇದ್ದ ಇನ್ನೊಂದು ಲಾಭವೂ ಆಯಿತು. ನಮ್ಮ ದೊಡ್ಡಪತ್ರೆ ಸೊಂಪಾಗಿ ಬೆಳೆದಿತ್ತು. ಎದುರು ಮನೆಯ ಮಗುವಿಗೆ ಶೀತ ಆದಾಗ ಅದರ ಅಮ್ಮ ನಾಲ್ಕು ಎಲೆ ಕೇಳಿಕೊಂಡು ಬಂದಳು. ಬಾಡಿಸಿ ರಸ ತೆಗೆಯುವುದನ್ನು ಅತ್ತೆ ಹೇಳಿಕೊಟ್ಟರು. ಅಲ್ಲಿಂದ ಶುರುವಾಯಿತು ನೋಡಿ. ಕರಿಬೇವಿಗೆ ಒಬ್ಬರು, ಪೂಜೆಗೆ ದಾಸವಾಳ ಬೇಕು ಅಂತ ಒಬ್ಬರು. ನಾನು ವರ್ಷಗಟ್ಟಲೆ ಈ ಬಿಲ್ಡಿಂಗ್‌ನಲ್ಲಿದ್ದೂ ಯಾರ ಹೆಸರೂ ಗೊತ್ತಿರಲಿಲ್ಲ. ಅತ್ತೆಗೆ ಈಗ ಎಲ್ಲರ ಮನೆ ಸುದ್ದಿಯೂ ಗೊತ್ತು.

ನೀರಿನ ಬಗ್ಗೆ ಯಾರಾದರೂ ಹೆದರಿಸಿದರೆ ಕೇಳಬೇಡಿ. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರ ಬಂದು, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತಲ್ಲ, ಆಗಲೂ ನಮ್ಮ ಗಿಡಗಳು ಅಕ್ಕಿ, ತರಕಾರಿ ತೊಳೆದ ನೀರಿನಲ್ಲೇ ಬದುಕಿದವು.

ನಿಮ್ಮ ಬಿಸಿಲಿಗೆ ಸೊಪ್ಪೇ ಸರಿ. ಹರಿವೆ, ಮೆಂತ್ಯ, ಪುದೀನ, ಒಂದೆಲಗ, ಬಸಳೆ. ಅಂಗಡಿಯಿಂದ ತಂದ ಬಸಳೆಯ ದಪ್ಪ ದಂಟನ್ನು ನೆಟ್ಟರೂ ಚಿಗುರುತ್ತದೆ. ಟೊಮೆಟೊ, ಮೆಣಸಿನಕಾಯಿಗೆ ಇನ್ನೂ ಜಾಸ್ತಿ ಬಿಸಿಲು ಬೇಕು, ಮೊದಲಿಗೇ ಅದಕ್ಕೆ ಕೈ ಹಾಕುವುದು ಬೇಡ. ಮೆಂತ್ಯವಂತೂ ಅಡುಗೆಮನೆ ಡಬ್ಬಿಯ ಕಾಳನ್ನೇ ಚೆಲ್ಲಿದರೆ ಸಾಕು, ತಿಂಗಳೊಳಗೆ ಸಾರಿಗಾಗುವಷ್ಟು ಸಿಗುತ್ತದೆ.

ಬಸವನಗುಡಿ ನಡಿಗೆ:
ಮೇಲಿನ ಅಕ್ಕ ಹೇಳಿದ್ದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಗೋಡೆ ಕಾಣುವ ಕಿಟಕಿ ಅಂದಿರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರೋಜರ್ ಉಲ್ರಿಚ್ ಅನ್ನುವವರು ಅಮೆರಿಕದ ಒಂದು ಆಸ್ಪತ್ರೆಯ ದಾಖಲೆಗಳನ್ನು ನೋಡಿ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕೆಲವರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಕೆಲವರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು, ಅವರಿಗೆ ನೋವು ತಗ್ಗಿಸುವ ಜೋರಾದ ಔಷಧಿಯೂ ಕಡಿಮೆ ಸಾಕಾಯಿತು. ಸಾಧ್ಯವಾದರೆ ಅಮ್ಮನಿಗೆ ಬಾಲ್ಕನಿ ಕಡೆಯ ಕೋಣೆ ಬಿಟ್ಟುಕೊಡಿ. ಆಗದಿದ್ದರೆ ಅವರ ಕುರ್ಚಿಯನ್ನಾದರೂ ಅಲ್ಲಿಗೆ ಹಾಕಿ.

ಬಾಲ್ಕನಿ ಒಂದೇ ಸಾಲದು, ಹೊರಗೂ ಕರೆದುಕೊಂಡು ಹೋಗಿ. ಮರ ಇರುವ ರಸ್ತೆಯಲ್ಲೇ ನಡೆಸಿ. ಬೆಂಗಳೂರಿನ ರಸ್ತೆಗಳಲ್ಲೇ ಅಳೆದು ನೋಡಿದ್ದಾರೆ. ಮಧ್ಯಾಹ್ನದ ಹೊತ್ತು ಮರ ಇಲ್ಲದ ಕಡೆಗಿಂತ ಮರದ ನೆರಳಲ್ಲಿ ಗಾಳಿ 5.6 ಡಿಗ್ರಿ ತನಕ ತಂಪಾಗಿತ್ತು, ಡಾಂಬರು 27.5 ಡಿಗ್ರಿ ತನಕ. ವಯಸ್ಸಾದವರಿಗೆ ಇದು ಸಣ್ಣ ವಿಷಯ ಅಲ್ಲ. ಭಾನುವಾರ ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೋ ಹತ್ತಿ ಲಾಲ್‌ಬಾಗ್‌ನಲ್ಲಿ ಇಳಿಯಿರಿ. 240 ಎಕರೆ ಇದೆ, ಒಂದೇ ದಿನ ಸುತ್ತಿಸಬೇಡಿ. ನನ್ನ ತಾಯಿ ಅಲ್ಲಿ ಮರದ ಮೇಲಿನ ಹೆಸರಿನ ಫಲಕ ಓದುವ ಮೊದಲೇ ಎಲೆ ಕಿವುಚಿ, ಮೂಸಿ ಹೆಸರು ಹೇಳುತ್ತಿದ್ದರು. ಮಲೆನಾಡಿನವರಿಗೆ ಹೇಳಿಕೊಡಬೇಕಾ!

ಇನ್ನೊಂದು ವಿಷಯ. ಊಟ, ನಿದ್ದೆ ಎರಡೂ ಕೆಟ್ಟಿದ್ದರೆ ಗಿಡವನ್ನೇ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ತುಂಗಾತೀರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಊಟ ನಿದ್ದೆ ಸರಿ ಇದೆ. ಕೋಣೆ ಬದಲಾಯಿಸುತ್ತಿದ್ದೇವೆ. ರಾತ್ರಿ ಅಮ್ಮನನ್ನು ಕೇಳಿದೆ. ಮೊದಲು ಸುಮ್ಮನಿದ್ದರು. ಆಮೇಲೆ "ಬಸಳೆಗೆ ಚಪ್ಪರ ಎಲ್ಲಿ ಕಟ್ಟುವುದು? ಕೊಟ್ಟಿಗೆ ಗೊಬ್ಬರ ಸಿಗುತ್ತದಾ ಇಲ್ಲಿ?" ಅಂದರು. ಏನು ಹೇಳಲಿ? ಕೆಳಗಿನ ಮನೆಯವರಿಗೆ ನೀರು ತೊಟ್ಟಿಕ್ಕದ ಹಾಗೆ ಏನು ಮಾಡಬೇಕು?

ಮಹಡಿತೋಟ, ವಿಜಯನಗರ:
ಗ್ರಿಲ್‌ಗೆ ಒಳಗಿನಿಂದ ಸೆಣಬಿನ ಹಗ್ಗ ಕಟ್ಟಿ, ಬಸಳೆ ಅದನ್ನೇ ಹಿಡಿದು ಹತ್ತುತ್ತದೆ. ಕುಂಡಗಳನ್ನು ಕಟ್ಟೆ ಮೇಲೆ ಇಡಬೇಡಿ, ನೆಲದಲ್ಲೇ ಇರಲಿ. ಪ್ರತಿ ಕುಂಡದ ಕೆಳಗೂ ತಟ್ಟೆ ಇಡಿ. ತಟ್ಟೆಯಲ್ಲಿ ನಿಂತ ನೀರನ್ನು ದಿನಾ ಚೆಲ್ಲಿ, ಇಲ್ಲದಿದ್ದರೆ ಸೊಳ್ಳೆ. ಗೊಬ್ಬರ ನರ್ಸರಿಗಳಲ್ಲಿ ಚೀಲದ ಲೆಕ್ಕದಲ್ಲಿ ಸಿಗುತ್ತದೆ. ಚೆನ್ನಾಗಿ ಕಳಿತಿರಬೇಕು. ಕೈ ಹಾಕಿದರೆ ಬಿಸಿ ಇದ್ದರೆ, ಹಸಿ ಸಗಣಿ ವಾಸನೆ ಬಂದರೆ ತರಬೇಡಿ. ಅಮ್ಮನನ್ನೇ ಜೊತೆಗೆ ಕರೆದುಕೊಂಡು ಹೋಗಿ, ಅವರು ನೋಡಿ ಆರಿಸಲಿ.